ಅರ್ಗಿರೋ ಪಾಲಿಗೆ ಬಂದ ಮರಳು

ಅಪ್ಪ ಆಸ್ತಿ ಪಾಲು ಮಾಡಿದ ದಿನ ಅರ್ಗಿರೋ ಅತ್ತದ್ದು ಇಡೀ ಊರಿಗೇ ಗೊತ್ತು. ಅಳದೆ ಇನ್ನೇನು ಮಾಡಿಯಾಳು? ಗ್ರೀಸ್ ದೇಶದ ನಾಕ್ಸೋಸ್ ದ್ವೀಪದಲ್ಲಿ ಆಗ ಇದ್ದ ಪದ್ಧತಿಯೇ ಹಾಗೆ. ಮಣ್ಣಿರುವ ನೆಲ ಗಂಡುಮಕ್ಕಳಿಗೆ, ಕಡಲ ಬದಿಯ ಉಪ್ಪುನೆಲ ಹೆಣ್ಣುಮಕ್ಕಳಿಗೆ. ಅಣ್ಣ ಸ್ತ್ರಾತಿಸನಿಗೆ ದ್ರಾಕ್ಷಿತೋಟ, ಆಲೂಗಡ್ಡೆ ಹೊಲ, ಬಾವಿ. ಇವಳಿಗೆ ಕಲಾಮ್ಯಾ ಎಂಬ ಪುಟ್ಟ ಕೊಲ್ಲಿಯ ಮರಳು, ಅದರ ಹಿಂದೆ ಗಾಳಿಗೆ ಬಾಗಿ ನಿಂತ ಕೆಲವು ಮರ. ಆಡು ಕೂಡ ಮೂಸಿ ನೋಡದ ಜಾಗ.

"ಮರಳಲ್ಲಿ ನಾನು ಏನು ಬಿತ್ತಲಿ ಅಪ್ಪ?" ಎಂದು ಅವಳು ಕೇಳಿದರೆ, "ಉಪ್ಪಿಗಂತೂ ಬರ ಇಲ್ಲ ಬಿಡು ನಿಂಗೆ," ಎಂದು ಸ್ತ್ರಾತಿಸ್ ನಕ್ಕಿದ್ದ.

ಕಾಲ ಹೇಗೆ ತಿರುಗಿತು ನೋಡಿ. ಬೆನ್ನಿಗೆ ಚೀಲ ಕಟ್ಟಿಕೊಂಡ ಹೊರನಾಡಿನವರು ಹಡಗಿನಿಂದ ಇಳಿಯತೊಡಗಿದರು. ಬಿಸಿಲಿಗೆ ಮೈಯೊಡ್ಡಿ ಸುಮ್ಮನೆ ಬಿದ್ದುಕೊಳ್ಳುವುದಕ್ಕೆ ದುಡ್ಡು ಕೊಡುವ ಜನವೂ ಲೋಕದಲ್ಲಿದ್ದಾರೆಂದು ಅರ್ಗಿರೋಗೆ ಯಾರು ಹೇಳಿದ್ದರು? ಅವಳು ಮರದ ಕೆಳಗೆ ಮೇಜು ಹಾಕಿದಳು, ಆಲೂಗಡ್ಡೆ ಕರಿದಳು, ಮೀನು ಸುಟ್ಟಳು. ಗಂಡ ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದು ಆ ಮರಳೇ, ಮಗಳು ರಿನ್ಯೋಳ ಮದುವೆ ಮಾಡಿಸಿದ್ದೂ ಆ ಮರಳೇ. ಅಣ್ಣ ಮಾತ್ರ ಆಲೂಗಡ್ಡೆ ಮೂಟೆಯನ್ನು ಹಿಂಬಾಗಿಲಲ್ಲಿ ಇಳಿಸಿ, ಕಾಫಿ ಕುಡಿಯೋ ಎಂದರೂ ನಿಲ್ಲದೆ ಹೊರಟುಬಿಡುತ್ತಿದ್ದ. ಹಾಗಂತ ಜಗಳವೇನೂ ಇರಲಿಲ್ಲ. ಹೊಟ್ಟೆಯೊಳಗಿನ ಉರಿ, ಮತ್ತೇನು.

ಕಲಾಮ್ಯಾಕ್ಕೆ ಇದ್ದದ್ದು ಒಂದೇ ಕೊರತೆ. ಚಳಿಗಾಲದ ಅಲೆ ಕಡಲಹುಲ್ಲನ್ನು ತಂದು ದಡಕ್ಕೆ ಒಟ್ಟುತ್ತದೆ. ಕಂದು ಬಣ್ಣದ ಮೆದೆ, ಮೊಣಕಾಲೆತ್ತರ, ನಾರುವುದು ಬೇರೆ. ಆದರೂ ಬೇಸಿಗೆ ಹತ್ತಿರ ಬರುವವರೆಗೆ ಅರ್ಗಿರೋ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಯಾಕೆ ಎಂದರೆ, "ನಮ್ಮಮ್ಮ ಮುಟ್ತಿರಲಿಲ್ಲ, ಅಷ್ಟೇ," ಎನ್ನುವಳು.

ಅಳಿಯ ಮಿನಾಸ್ ಬೆಟ್ಟದ ಮೇಲಿನ ಊರಿನವನು. ಹಬ್ಬ ಬಂತೆಂದರೆ ಗೋಡೆಗೆ ಸುಣ್ಣ, ಅಂಗಳಕ್ಕೆ ಪೊರಕೆ. ಕಣದಲ್ಲಿ ಒಂದು ಕಡ್ಡಿ ಉಳಿದರೂ ಮಾನ ಹೋಯಿತು ಎನ್ನುವ ಜನ. ಅಂಥವನ ಕಣ್ಣಿಗೆ ಕಳೆದ ಬೇಸಿಗೆಗೆ ಮುಂಚೆ, ಹುಲ್ಲು ಇನ್ನೂ ದಡದಲ್ಲಿದ್ದಾಗಲೇ, ಅಥೆನ್ಸಿನ ಒಂದು ಪತ್ರಿಕೆ ಬಿತ್ತು. ದ್ವೀಪದಲ್ಲಿ ನೋಡಲೇಬೇಕಾದ ಕಡಲತೀರಗಳನ್ನೆಲ್ಲ ಹಾಡಿ ಹೊಗಳಿ, ಕಟ್ಟಕಡೆಗೆ ಕಲಾಮ್ಯಾವನ್ನು ಸೇರಿಸಿ, "ಮರಳು ಸೊಗಸು, ಹುಲ್ಲು ಹೊಲಸು" ಎಂದು ಬರೆದಿದ್ದರು. ಮಿನಾಸನಿಗೆ ಮೈಯೆಲ್ಲ ಉರಿದುಹೋಯಿತು.

ಚಳಿ ಶುರುವಾದಾಗ ಅರ್ಗಿರೋ ಕಣ್ಣಿನ ಪೊರೆ ತೆಗೆಸಲು ಅಥೆನ್ಸಿಗೆ ಹೋದಳು. ವಾಪಸು ಬಂದಾಗ ಹೊಸ ಕಣ್ಣಿಗೆ ಮೊದಲು ಕಂಡದ್ದು ಬೋಳು ದಡ.

"ಹೇಗಿದೆ ಅತ್ತೆ? ಥಳಥಳ ಅಂತಿಲ್ವಾ?"

"ಹುಲ್ಲೆಲ್ಲೋ?"

"ಸ್ತ್ರಾತಿಸ್ ಮಾವ ಟ್ರ್ಯಾಕ್ಟರ್ ಕೊಟ್ರು. ಹುಲ್ಲೆಲ್ಲ ಅವರ ಹೊಲಕ್ಕೇ ಹೋಯ್ತು, ಆಲೂಗಡ್ಡೆಗೆ ಗೊಬ್ಬರ ಅಂತ. ಈ ಸಲ ಪತ್ರಿಕೆಯವರು ಬರಲಿ, ನೋಡ್ಕೋತೀನಿ!"

ಅವನ ಮುಖದ ಹಿಗ್ಗು ನೋಡಿ ಬೈಯುವುದಕ್ಕೆ ಅವಳಿಗೆ ನಾಲಿಗೆ ಏಳಲಿಲ್ಲ. ಛೆ, ಆಗಲೇ ಎರಡು ಬೈದಿದ್ದರೆ ಚೆನ್ನಾಗಿತ್ತು.

ಜನವರಿಯಲ್ಲಿ ಪಡುವಣ ಗಾಳಿ ಎದ್ದಿತು. ಬಾಗಿಲು ಕಿಟಕಿ ಹಾಕಿಕೊಂಡು ಎಲ್ಲರೂ ಒಳಗೇ ಕೂತರು. ಗಾಳಿ ಇಳಿದ ಮೇಲೆ ಅರ್ಗಿರೋ ಹೊರಗೆ ಬಂದು ನೋಡಿದರೆ ಮರಳೇ ಇಲ್ಲ! ಮೇಜು ಹಾಕುವ ಜಾಗದಿಂದ ನೀರಿನವರೆಗೂ ಬರೀ ಕಪ್ಪು ಬಂಡೆ. ಅಪ್ಪ ಕೊಟ್ಟದ್ದು ಅದೊಂದೇ, ಅದನ್ನೂ ಕಡಲು ಬಾಚಿಕೊಂಡು ಹೋಗಿತ್ತು. ಚಳಿಗಾಲದ ಅಲೆಗೆ ಮರಳು ಕೊಚ್ಚಿಹೋಗದಂತೆ ಹಿಡಿದಿಟ್ಟದ್ದು ಆ ಹುಲ್ಲಿನ ಮೆದೆಯೇ ಎಂದು ಆಗ ಎಲ್ಲರಿಗೂ ತಿಳಿಯಿತು. ತಿಳಿದು ಏನು ಬಂತು?

ಮಿನಾಸ್ ತಲೆ ಮೇಲೆ ಕೈ ಹೊತ್ತು ಕೂತ. ಊಟಕ್ಕೆ ಕರೆದರೆ ಬರಲಿಲ್ಲ. ಕೊನೆಗೊಂದು ದಿನ ಬಾಯಿ ಬಿಟ್ಟ.

"ನಾನು ಹಡಗಿನ ಕೆಲಸಕ್ಕೆ ಹೋಗ್ತೀನಿ ಅತ್ತೆ. ಬಂಡೆ ಮೇಲೆ ಮಲಗೋಕೆ ಯಾರು ಬರ್ತಾರೆ? ನಿಮ್ಮ ಅನ್ನ ಕಿತ್ಕೊಂಡವನು ನಾನು."

ರಿನ್ಯೋ ತೋಳಿಗೇ ಕಣ್ಣೊರೆಸಿಕೊಂಡಳು. ಹಡಗಿಗೆ ಹೋದವರು ವರ್ಷಗಟ್ಟಲೆ ಬರುವುದಿಲ್ಲವೆಂದು ಅವಳಿಗೆ ಗೊತ್ತು. ಮರಳಿನ ಜೊತೆ ಮಗಳ ಸಂಸಾರವೂ ಕೊಚ್ಚಿಹೋಗುತ್ತದಲ್ಲ ಎಂದು ಅರ್ಗಿರೋ ಕಂಗಾಲಾದಳು. ಬಾಯಲ್ಲಿ ಮಾತ್ರ, "ಹೋಗೋದಾದ್ರೆ ಈಸ್ಟರ್ ಮುಗಿಸಿ ಹೋಗಪ್ಪ. ಕಡಲಿಗೂ ಸ್ವಲ್ಪ ಟೈಮ್ ಕೊಡೋಣ," ಎಂದಳು.

ಅದಾಗಿ ಸ್ವಲ್ಪ ದಿನಕ್ಕೆ ಟ್ರ್ಯಾಕ್ಟರ್ ಸದ್ದು ಕೇಳಿಸಿತು. ಹಿಂದಿನ ಗಾಡಿಯ ತುಂಬ ಒಣಗಿದ ಕಡಲಹುಲ್ಲು. ಸ್ತ್ರಾತಿಸ್ ನೇರ ಬಂದು ಅದನ್ನು ಬಂಡೆಯಂಚಿಗೆ ಸುರಿದ.

"ಏನಣ್ಣ ಇದು?"

"ನಿನ್ನ ಹುಲ್ಲು."

"ನಿನ್ನ ಆಲೂಗಡ್ಡೆಗೆ?"

"ಕುರಿಗೊಬ್ಬರ ಇದೆ. ಲೋ ಮಿನಾಸ, ಬಾಯಿ ಬಿಟ್ಕೊಂಡು ಏನ್ ನೋಡ್ತೀಯ? ಗುಡಿಸೋಕೆ ಬರುತ್ತಲ್ಲ, ಹರಡೋಕೂ ಕಲಿ!"

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳುದ್ದಕ್ಕೂ ಅವನು ಹೀಗೆ ಬಂದು ಸುರಿದು ಹೋದ. ಕಡಲು ಅದರಲ್ಲಿ ಅರ್ಧ ಎಳೆದುಕೊಂಡಿತು, ಬೇರೆ ಹುಲ್ಲು ತಂದು ಹಾಕಿತು. ಈ ಸಲ ಯಾರೂ ಪೊರಕೆ ಎತ್ತಲಿಲ್ಲ. ಗಾಳಿ ಮೆತ್ತಗಾಯಿತು. ಅಲೆಗಳು ಸಣ್ಣಗೆ ಬಂದು ಬಂಡೆ ನೆಕ್ಕತೊಡಗಿದವು. ಅರ್ಗಿರೋ ದಿನಾ ನೋಡುವಳು, ದಿನಾ ಮುಖ ತಿರುಗಿಸಿ ಒಳಗೆ ಹೋಗುವಳು.

ಈಸ್ಟರ್ ಹತ್ತಿರವಾದಾಗ ಒಂದು ಬೆಳಿಗ್ಗೆ ಅವಳು ಪಾತ್ರೆ ಉಜ್ಜಲು ನೀರಿಗೆ ಇಳಿದಳು. ಬಂಡೆ ಇರುತ್ತದೆಂದು ಕಾಲಿಟ್ಟರೆ ಮೆತ್ತಗೆ ಹೂತುಹೋಯಿತು. ಇನ್ನೊಂದು ಕಾಲಿಟ್ಟಳು, ಅದೂ ಹೂತಿತು. ಪಾತ್ರೆ ಕೈಯಿಂದ ಜಾರಿತು.

"ಬಂತು! ರಿನ್ಯೋ, ಬಂತು ಕಣೇ! ಮಿನಾಸ, ಎಲ್ಲಿ ಸತ್ಯೋ, ಬಾರೋ!"

ಮಿನಾಸ್ ಮುಖಕ್ಕೆ ಹಚ್ಚಿದ ಸೋಪಿನಲ್ಲೇ ಓಡಿ ಬಂದು, ಉಟ್ಟ ಬಟ್ಟೆಯಲ್ಲೇ ಆ ಒದ್ದೆ ಮರಳ ಮೇಲೆ ಉದ್ದಕ್ಕೆ ಮಲಗಿಬಿಟ್ಟ. ಅರ್ಗಿರೋಗೆ ಹೋದ ಜೀವ ಬಂದಂತಾಯಿತು. ಆಮೇಲೆ ದಿನದಿಂದ ದಿನಕ್ಕೆ ಮರಳು ಏರಿ ಬಂಡೆಗಳನ್ನು ಮುಚ್ಚಿತು. ಹಡಗಿನ ಮಾತು ಅಲ್ಲಿಗೆ ಮುಗಿಯಿತು.

ವಾರ ಕಳೆದು ಸ್ತ್ರಾತಿಸ್ ನೋಡಲು ಬಂದ. ಅರ್ಗಿರೋ ಮರದ ಕೆಳಗೆ ಮೀನು ಸುಡುತ್ತಿದ್ದಳು. ಅವನು ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತ.

"ಅರ್ಗಿರೋ, ಮರಳು ಹೋಯ್ತು ಅಂತ ಕೇಳಿದಾಗ ನಂಗೆ ಖುಷಿಯಾಯ್ತು ಕಣೇ. ಒಂದೇ ಒಂದು ಗಳಿಗೆ. ಆಮೇಲೆ ಅನ್ನ ಸೇರಲಿಲ್ಲ."

ಅವಳು ಮೀನು ಮಗುಚಿ ಹಾಕಿದಳು.

"ಒಂದೇ ಗಳಿಗೆನಾ?"

"ದೇವರಾಣೆ, ಒಂದೇ ಗಳಿಗೆ."

"ನಿನ್ನ ದ್ರಾಕ್ಷಿಗೆ ಆಲಿಕಲ್ಲು ಬಿತ್ತಲ್ಲ, ಆಗ ನಾನು ಒಂದು ವಾರ ಹಾಡ್ಕೊಂಡು ಪಾತ್ರೆ ತೊಳೆದೆ."

ಸ್ತ್ರಾತಿಸ್ ಅವಳನ್ನೇ ನೋಡಿದ. ಮೊದಲು ನಗುವಿಗೆ ಅವನ ಭುಜ ಕುಲುಕಿತು, ಆಮೇಲೆ ಅವಳದು. ಸದ್ದು ಕೇಳಿ ರಿನ್ಯೋ ಒಳಗಿಂದ ಓಡಿ ಬಂದಾಗ ಅಣ್ಣ ತಂಗಿ ಇಬ್ಬರೂ ಮೇಜು ಹಿಡಿದುಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರು.

"ಏನಾಯ್ತಮ್ಮ? ಯಾರು ಹೋದ್ರು?"

"ಯಾರೂ ಹೋಗಿಲ್ಲ ಕಣೇ," ಎಂದಳು ಅರ್ಗಿರೋ. "ನಿನ್ನ ಮಾವನಿಗೊಂದು ತಟ್ಟೆ ತಗೊಂಡು ಬಾ."