ಮಾರಮ್ಮನ ಗುಡಿಯ ನಗಾರಿ ಮಿಷಿನ್ನು

ಉಯ್ಯಂಬಳ್ಳಿ ಕಡೆಯ ಒಂದು ಮಾರಮ್ಮನ ಗುಡಿಗೆ ನಗಾರಿ ಮಿಷಿನ್ನು ರಿಪೇರಿಗೆ ಹೋಗಿದ್ದೆ. ಮಂಗಳಾರತಿ ಹೊತ್ತಿಗೆ ಸ್ವಿಚ್ಚು ಹಾಕಿದರೆ ತಾನೇ ನಗಾರಿ, ಗಂಟೆ ಬಾರಿಸುವ ಮಿಷಿನ್ನು ಅದು. ಒಳಗೊಂದು ತಂತಿ ಬಿಟ್ಟುಕೊಂಡಿತ್ತು, ಅಷ್ಟೇ. ಇನ್ನೇನು ಬೆಸುಗೆ ಹಾಕಬೇಕು, ಹೂ ಕಟ್ಟುತ್ತಿದ್ದ ಅಜ್ಜಿಯೊಬ್ಬರು ಎದ್ದು ಬಂದರು.

"ಒಸಿ ತಡ್ಯಪ್ಪ, ಇವತ್ತಿನ ಮಂಗಳಾರತಿ ಆಗೋಗ್ಲಿ."

ಸಂಜೆಬಿಸಿಲು ಹೊಸಿಲು ದಾಟಿ ಒಳಗೆ ಬಂದಿತ್ತು. ಅಜ್ಜಿ ತಮ್ಮ ಯಜಮಾನರನ್ನು ಕೈಹಿಡಿದು ಕರೆತಂದು ಹಳೆಯ ನಗಾರಿಯ ಮುಂದೆ ಕೂರಿಸಿದರು. "ಲಕ್ವ ಹೊಡೆದ ಮೇಲೆ ಇವರಿಗೆ ಮಾತೇ ಇಲ್ಲ ಕಣಪ್ಪ. ಮಿಷಿನ್ನು ಕೆಟ್ಟಾಗಿಂದ ದಿನಾ ಬಂದು ಬಾರಿಸ್ತಾರೆ."

ಅಜ್ಜ ಒಂದೇ ಕೈಯಲ್ಲಿ ಬಾರಿಸತೊಡಗಿದರು. ಧೂಪದ ಹೊಗೆಯ ನಡುವೆ ಆ ನಿಧಾನದ ಪೆಟ್ಟು ಕೇಳುತ್ತಾ ಗುಡಿಯೇ ಉಸಿರಾಡುತ್ತಿದೆ ಅನ್ನಿಸಿತು. ಅಜ್ಜನ ಮುಖದ ತುಂಬ ನಗು.

ಆರತಿ ತಂದ ಪೂಜಾರಪ್ಪನಿಗೆ ನಿಜವನ್ನೇ ಹೇಳಿದೆ. "ಚಿಕ್ಕ ಕೆಲಸ. ಈಗಲೇ ಮಾಡ್ಲಾ?"

ಅವರು ಅಜ್ಜನ ಕಡೆ ನೋಡಿ, ನನ್ನ ಕೈಗೆ ತೀರ್ಥ ಹಾಕುತ್ತಾ ದನಿ ತಗ್ಗಿಸಿದರು. "ಸಾಮಾನು ಸಿಕ್ಕಲ್ವಂತೆ ಅಂತ ಊರೋರಿಗೆ ನಾನೇ ಹೇಳ್ತೀನಿ. ನೀವು ಪ್ರಸಾದ ತಗೊಂಡು ಹೊರಡಿ."

ಕನಕಪುರದ ಬಸ್ಸಿನಲ್ಲಿ ನನ್ನ ಬೆರಳು ಮುಂದಿನ ಸೀಟಿನ ಮೇಲೆ ಅದೇ ತಾಳ ಹಾಕುತ್ತಿತ್ತು. ಅಲ್ಲಿ ಕೂತಿದ್ದವರು ತಿರುಗಿ ತಿರುಗಿ ನೋಡಿ, ಕೊನೆಗೆ ಬೇರೆ ಸೀಟಿಗೆ ಹೋದರು.