ಪಂಪಿನ ಪಕ್ಕದ ಹೆಲ್ಮೆಟ್

ನಾಶಿಕ್ ಊರ ಹೊರಗಿನ ಒಂದು ಪೆಟ್ರೋಲ್ ಪಂಪಿನ ಪಕ್ಕದಲ್ಲಿ ನನ್ನ ಚಹಾದ ಗಾಡಿ ಇದೆ. ನಾವು ವಿಜಯಪುರದ ಕಡೆಯವರು. ಗಂಡ ಕಟ್ಟಡಗಳಲ್ಲಿ ಗೌಂಡಿ. ನಾನು ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ರೊಟ್ಟಿ ಪಲ್ಯ ಮಾಡುತ್ತೇನೆ. ಇಲ್ಲಿನವರು ನನ್ನನ್ನು ಮಾವಶಿ ಎಂದು ಕರೆಯುತ್ತಾರೆ. ಚಿಕ್ಕಮ್ಮ ಎಂದ ಹಾಗೆ.

ಹೆಲ್ಮೆಟ್ ಇಲ್ಲದವರಿಗೆ ಪೆಟ್ರೋಲ್ ಇಲ್ಲ ಎಂಬ ನಿಯಮ ಬಂದಾಗ ಪಂಪಿನವರು ದೊಡ್ಡ ಬ್ಯಾನರ್ ಕಟ್ಟಿದರು. ಮೊದಲ ಕೆಲವು ದಿನ ಪೊಲೀಸರೂ ನಿಂತಿರುತ್ತಿದ್ದರು. ಬರಿದಲೆಯಲ್ಲಿ ಬಂದವರು ಅಲ್ಲಿಂದ ತಿರುಗಿ ನನ್ನ ಗಾಡಿಯ ಮುಂದೆ ಬಂದು ನಿಲ್ಲುತ್ತಿದ್ದರು. ಗಂಡ ಕಟ್ಟಡದ ಕೆಲಸಕ್ಕೆ ಹಾಕುವ ಹಳದಿ ಟೊಪ್ಪಿಗೆ ಗಾಡಿಯ ಕೊಂಡಿಯಲ್ಲಿ ನೇತಾಡುತ್ತಿತ್ತು. ಒಬ್ಬ ಅದನ್ನೇ ಹಾಕಿಕೊಂಡು ಹೋಗಿ ಪೆಟ್ರೋಲ್ ತುಂಬಿಸಿಕೊಂಡು ಬಂದ. ಪಂಪಿನವನು ನಕ್ಕ, ನಾನೂ ನಕ್ಕೆ. ಮರುದಿನ ಪೊಲೀಸರು ಇದು ನಡೆಯುವುದಿಲ್ಲ ಎಂದರು.

ಆಗ ನನ್ನ ತಮ್ಮ ತನ್ನ ಹಳೆಯ ಹೆಲ್ಮೆಟ್ ತಂದುಕೊಟ್ಟ. ಅವನು ಸಂಭಾಜಿನಗರದ ಹತ್ತಿರ ವಾಳೂಜ್‌ನಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕಂತ್ರಾಟಿನ ಮೇಲೆ ಕೆಲಸಕ್ಕಿದ್ದ. ಅಲ್ಲಿ ಹೆಲ್ಮೆಟ್ ಇಲ್ಲದ ಬೈಕನ್ನು ಗೇಟಿನ ಒಳಗೆ ಬಿಡುವುದಿಲ್ಲ. ಹಾಗಾಗಿ ಹೊಸದೊಂದು ಕೊಂಡಿದ್ದ. ಗೇಟಿಗಿಂತ ಮೊದಲಿನ ತಿರುವಿನವರೆಗೂ ಅದು ಅವನ ಮೊಳಕೈಯಲ್ಲಿ ಇರುತ್ತಿತ್ತು. ತಿರುವಿನಲ್ಲಿ ಎಲ್ಲರೂ ಒಂದು ಕ್ಷಣ ಬೈಕ್ ನಿಲ್ಲಿಸಿ ತಲೆಗೇರಿಸುತ್ತಾರಂತೆ. ಅದನ್ನು ಅವನು ನಟಿಸಿ ತೋರಿಸುತ್ತಿದ್ದ. ರಜೆಗೆ ಇಲ್ಲಿಗೆ ಬರುವಾಗಲೂ ಹಾಗೆಯೇ. ದಾರಿಯ ಯೇವಲಾ ಊರಿನ ಚೌಕದಲ್ಲಿ ಪೊಲೀಸರಿರುತ್ತಾರೆ, ಅಲ್ಲಿ ಹಾಕುವುದು, ಊರು ದಾಟಿದ ಮೇಲೆ ತೆಗೆಯುವುದು. ನಾನು ಬೈದರೆ, ತಲಿ ಕುದೀತದಕ್ಕಾ ಎನ್ನುತ್ತಿದ್ದ. ನಾನೂ ಎಷ್ಟೆಂದು ಬೈಯಲಿ. ಬೈಯುತ್ತಲೇ ಇನ್ನೊಬ್ಬರಿಗೆ ಹೆಲ್ಮೆಟ್ ಕೊಡುತ್ತಿದ್ದೆ.

ಹೌದು, ಕೊಡುತ್ತಿದ್ದೆ. ಗಿರಾಕಿಗಳು ಬಂದು, ಮಾವಶಿ, ಜರಾ ತಲೆ ಕೊಡ್ರಿ ಎನ್ನುತ್ತಿದ್ದರು. ಕೊಂಡಿಯಿಂದ ಹೆಲ್ಮೆಟ್ ತೆಗೆದು ಕೊಡುತ್ತಿದ್ದೆ. ಹಾಕಿಕೊಂಡು ಹೋಗಿ, ಪೆಟ್ರೋಲ್ ತುಂಬಿಸಿ, ತಂದು ಕೊಟ್ಟು, ಬರಿದಲೆಯಲ್ಲಿ ಹೆದ್ದಾರಿಗೆ ಇಳಿಯುತ್ತಿದ್ದರು. ಹೋಗುವ ಮೊದಲು ಚಹಾ ಕುಡಿಯುತ್ತಿದ್ದರು. ಇದೊಂದು ಉಪಕಾರ ಎಂದೇ ನಾನು ತಿಳಿದಿದ್ದೆ. ಕಾಯಿದೆಗೆ ನಾನು ಅಡ್ಡ ನಿಂತಿದ್ದೇನೆ ಎಂದು ಒಂದು ದಿನವೂ ಅನ್ನಿಸಲಿಲ್ಲ. ಪಂಪಿನ ಹುಡುಗಿಯೊಬ್ಬಳು ಒಮ್ಮೆ, ಒಂದೇ ಹೆಲ್ಮೆಟ್ ಬೆಳಿಗ್ಗೆಯಿಂದ ಎಷ್ಟು ಸಲ ಬಂತು ನೋಡು ಎಂದು ತಮಾಷೆ ಮಾಡಿದ್ದಳು. ಅವಳಿಗೂ ಗೊತ್ತಿತ್ತು, ಪೊಲೀಸರಿಗೂ ಗೊತ್ತಿತ್ತು.

ಆ ದಿನ ಬೆಳಿಗ್ಗೆ ಪಂಪಿನಲ್ಲಿ ತಪಾಸಣೆ ಜೋರಾಗಿತ್ತು. ಹೆಲ್ಮೆಟ್ಟಿನ ಪಟ್ಟಿ ಹಾಕಿದ್ದಾರೋ ಇಲ್ಲವೋ ಎಂದೂ ನೋಡುತ್ತಿದ್ದರು. ಹಳೆಯದರ ಪಟ್ಟಿ ಹರಿದು ಹೋಗಿತ್ತು. ದಿನಾ ಬರುವ ನಳದ ಕೆಲಸದವನು ಕೇಳಿದಾಗ, ರಜೆಗೆ ಬಂದಿದ್ದ ತಮ್ಮ ಗಾಡಿಯ ಹಿಂದೆ ಕೂತು ಅವಲಕ್ಕಿ ತಿನ್ನುತ್ತಿದ್ದನಲ್ಲ, ಅವನ ಹೊಸದನ್ನೇ ಎತ್ತಿ ಕೊಟ್ಟೆ. ತಮ್ಮ ಕೈ ತೊಳೆದು ಬಂದರೂ ನಳದವನು ಪಂಪಿನ ಸಾಲಿನಲ್ಲೇ ಇದ್ದ. ತಮ್ಮನಿಗೆ ಎರಡನೆಯ ಪಾಳಿಗೆ ಮುಟ್ಟಬೇಕಿತ್ತು.

"ಎರಡು ನಿಮಿಷ ನಿಂದ್ರೊ, ಈಗ ತರ್ತಾನ," ಎಂದೆ.

"ಇರ್ಲಿ ಬಿಡಕ್ಕಾ. ನಿನ್ನ ಗಿರಾಕಿ ನೋಡ್ಕೊ. ಯೇವಲಾದಾಗ ಒಳದಾರಿ ಹಿಡೀತೀನಿ, ಗೇಟಿನಾಗ ಯಾರ್ದರೆ ಇಸ್ಕೊಂತೀನಿ," ಎಂದು ನಕ್ಕು ಬೈಕ್ ಹತ್ತಿದ.

ಗೇಟಿನ ಹತ್ತಿರ ಮಾತ್ರ ಬೇಕು ಎಂದು ನಾನೂ ಅಂದುಕೊಂಡೆ. ಯಾಕೆಂದರೆ ನಾನೂ ಅದನ್ನೇ ಕಲಿತಿದ್ದೆ. ಅವನು ಪಂಪಿನ ಮುಂದಿನ ತಿರುವು ದಾಟುವಷ್ಟರಲ್ಲಿ ನಳದವನು ಹೆಲ್ಮೆಟ್ ತಂದುಕೊಟ್ಟ. ಅದನ್ನು ಹಿಡಿದು ರಸ್ತೆಯವರೆಗೆ ಓಡಿದೆ. ಫೋನ್ ಮಾಡಿದೆ. ಬೈಕ್ ಓಡಿಸುವಾಗ ಅವನು ಫೋನ್ ಎತ್ತುತ್ತಿರಲಿಲ್ಲ. ನನ್ನ ಆ ಒಂದು ಮಾತನ್ನು ಮಾತ್ರ ಪಾಲಿಸುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಅವನ ಫೋನಿನಿಂದಲೇ ಬೇರೆ ಯಾರೋ ಮಾತಾಡಿದರು. ಯೇವಲಾ ದಾಟಿದ ಮೇಲೆ ರಸ್ತೆಯಲ್ಲಿ ಚೆಲ್ಲಿದ್ದ ಉಸುಕಿನ ಮೇಲೆ ಬೈಕ್ ಜಾರಿತ್ತು. ಯಾರೂ ಗುದ್ದಿರಲಿಲ್ಲ. ಸಂಭಾಜಿನಗರದ ಆಸ್ಪತ್ರೆಗೆ ಒಯ್ಯುತ್ತಿದ್ದೇವೆ ಎಂದರು. ನಾನೂ ಗಂಡನೂ ಸಿಕ್ಕ ಬಸ್ಸು ಹತ್ತಿದೆವು. ದಾರಿಯ ವೈಜಾಪುರ ಬಂದಾಗ ನೋಡಿದರೆ ನನ್ನ ತೊಡೆಯ ಮೇಲೆ ಹೆಲ್ಮೆಟ್ ಇತ್ತು. ಯಾಕೆ ತಂದೆನೋ ಗೊತ್ತಿಲ್ಲ. ಅವನಿಗೆ ಕೊಡಬೇಕು ಎಂಬುದೊಂದೇ ತಲೆಯಲ್ಲಿ ಇದ್ದಿರಬೇಕು.

ನಾವು ಮುಟ್ಟುವ ಮೊದಲೇ ಮುಗಿದಿತ್ತು. ಅವನ ಮೊಳಕೈ ತರಚಿತ್ತು, ಹೆಲ್ಮೆಟ್ ಸಿಕ್ಕಿಸಿಕೊಳ್ಳುತ್ತಿದ್ದ ಕೈ. ಅಂಗಿಯ ಗುಂಡಿಗಳು ಕೂಡ ಕಿತ್ತಿರಲಿಲ್ಲ. ಪೆಟ್ಟೆಲ್ಲ ತಲೆಗೆ.

ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸ್ ಪೇದೆ ನನ್ನ ಕೈಯಲ್ಲಿದ್ದುದನ್ನು ನೋಡಿ, ಇದು ಯಾರದು ಎಂದು ಮರಾಠಿಯಲ್ಲಿ ಕೇಳಿದ. ಅವನದು ಎಂದೆ. ಒಂದು ಗೀರೂ ಇಲ್ಲವಲ್ಲ ಎಂದ. ಆಗ ನಾನು ಪಂಪು, ಬ್ಯಾನರ್, ಕೊಂಡಿ, ನಳದವನು ಎಲ್ಲ ಹೇಳಿದೆ. ನನ್ನ ಮೇಲೇ ಬರೆದುಕೊಳ್ಳಿ ಎಂದೆ. ಅವನು ಬರೆಯಲಿಲ್ಲ. ನೀರು ತರಿಸಿಕೊಟ್ಟ. ಆಮೇಲೆ, ನನ್ನ ಹೆಲ್ಮೆಟ್ಟೂ ಬೈಕಿಗೇ ನೇತಾಡುತ್ತಿರುತ್ತದೆ ತಾಯಿ ಎಂದ.

ಕಾಯಿದೆ ಮಾಡಿದವರನ್ನು ನಾನು ಬೈಯಲಾರೆ. ಅವರು ತಲೆ ಉಳಿಯಲಿ ಎಂದೇ ಮಾಡಿದ್ದು. ನಾವು ಅದನ್ನು ಪೆಟ್ರೋಲಿಗೆ ತೋರಿಸುವ ಚೀಟಿ ಮಾಡಿಕೊಂಡೆವು. ಎಲ್ಲಿ ನೋಡುವವರಿದ್ದಾರೋ ಅಲ್ಲಿ ಮಾತ್ರ ನಮಗೆ ತಲೆ ಇತ್ತು.

ಊರಿಗೆ ಹೋಗಿ ದಿನಕರ್ಮ ಮುಗಿಸಿ ಬಂದ ಮೇಲೆ ಹಳೆಯ ಹೆಲ್ಮೆಟ್ಟನ್ನು ಒಡೆದು ಹಾಕಿದೆ, ಹೊಸದನ್ನು ಟ್ರಂಕಿನಲ್ಲಿಟ್ಟೆ. ಹೆಲ್ಮೆಟ್ ಕೇಳಲು ಬಂದವರಿಗೆಲ್ಲ ತಮ್ಮನ ಸುದ್ದಿ ಹೇಳಿದೆ. ಅಯ್ಯೋ ಎಂದರು. ಕೆಲವರ ಕಣ್ಣಲ್ಲಿ ನೀರೂ ಬಂತು. ಆಮೇಲೆ ಪಂಕ್ಚರ್ ಅಂಗಡಿಗೆ ಹೋಗಿ ಅಲ್ಲಿದ್ದ ಹೆಲ್ಮೆಟ್ ಇಸಿದುಕೊಂಡರು. ನನ್ನ ಗಾಡಿಯ ಮುಂದಿನಿಂದಲೇ ಹಾದು ಹೋದರು. ನಳದ ಕೆಲಸದವನು ಬಹಳ ದಿನ ಈ ಕಡೆ ಬರಲಿಲ್ಲ. ಬಂದ ದಿನ ತಲೆ ತಗ್ಗಿಸಿ ಚಹಾ ಕುಡಿದ. ಅವನ ಬೈಕಿನಲ್ಲಿ ಆಗಲೂ ಹೆಲ್ಮೆಟ್ ಇರಲಿಲ್ಲ.

ಈಗ ಹೊಸದನ್ನು ಮತ್ತೆ ಹೊರಗೆ ತೂಗು ಹಾಕಿದ್ದೇನೆ. ಗಂಡ ಬೇಡವೆಂದ. ನಾನು ಕೇಳಲಿಲ್ಲ. ಯಾರು ಕೇಳಿದರೂ ಕೊಡುತ್ತೇನೆ. ಕೊಡುವಾಗ ಒಂದು ಮಾತು ಹೇಳುತ್ತೇನೆ.

"ಮನಿತನಕ ಹಾಕ್ಕೊಂಡು ಹೋಗ್ರಿ. ನಾಳಿ ಕೊಟ್ರ ನಡೀತದ. ಕೊಡದಿದ್ರೂ ನಡೀತದ."

ಹೂಂ ಎನ್ನುತ್ತಾರೆ. ಐದು ನಿಮಿಷಕ್ಕೆ ಪಂಪಿನಿಂದ ಬಂದು, ತಗೊಳ್ರಿ ಮಾವಶಿ, ನಿಮ್ಮ ಸಾಮಾನು ನಿಮಗ ಎಂದು ಕೊಂಡಿಗೆ ತಾವೇ ಸಿಕ್ಕಿಸಿ ಹೋಗುತ್ತಾರೆ. ಎಲ್ಲರೂ ಪ್ರಾಮಾಣಿಕರು. ಇಷ್ಟು ದಿನಗಳಲ್ಲಿ ಒಬ್ಬರೂ ಅದನ್ನು ಕದ್ದುಕೊಂಡು ಹೋಗಿಲ್ಲ. ಸಂಜೆ ಗಾಡಿ ಮುಚ್ಚುವಾಗ ಅದು ಅಲ್ಲೇ ಇರುತ್ತದೆ, ಒಳಗೆ ಯಾರದೋ ಬೆವರಿನ ಹಸಿ.