ಸಂತೆ ದಿನ ಕಿತ್ತ ಹಲ್ಲು

ಹೋದ ತಿಂಗಳು ದವಡೆ ಹಲ್ಲಿನ ನೋವು ತಡೆಯಲಾರದೆ ಗುಂಡ್ಲುಪೇಟೆಯ ಹೊಸ ಕ್ಲಿನಿಕ್ಕಿಗೆ ಹೋಗಿದ್ದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು ಡಾಕ್ಟರು. ಕುರ್ಚಿಯಲ್ಲಿ ಒರಗಿಸಿ, ಒಂದು ಕವರ್ ತೋರಿಸಿ, ‘ನೋಡಿ, ಸೀಲ್ ಇದೆ’ ಎಂದು ನನ್ನ ಕಣ್ಣೆದುರಿಗೇ ಪರ್ರನೆ ಹರಿದು, ಒಳಗಿದ್ದ ಸಾಮಾನನ್ನು ತಟ್ಟೆಗೆ ಹಾಕಿದರು. ಲವಂಗದೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಬಾಯಿ ತೆಗೀರಿ ಅಂದರು. ನಾನು ತೆಗೆಯಲಿಲ್ಲ. ಹೆದರಿದ್ದಾನೆ ಅಂದುಕೊಂಡಿರಬೇಕು ಆ ತಾಯಿ. ಹೆದರಿಕೆ ಅಲ್ಲ, ಸಿಟ್ಟು. ಎಷ್ಟೋ ವರ್ಷದ ಹಿಂದಿನ ಸಿಟ್ಟು, ಈಗ ಬದುಕಿಲ್ಲದ ಒಬ್ಬರ ಮೇಲೆ...

ನನ್ನದು ಊಟಿ ರಸ್ತೆಯಲ್ಲಿ ಈರುಳ್ಳಿ ಮಂಡಿ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ಬೇರೆಯವರ ಮಂಡಿಯಲ್ಲಿ ಮೂಟೆ ಹೊತ್ತು, ಬೆನ್ನಿನ ಚರ್ಮ ಗೋಣಿಚೀಲದಷ್ಟೇ ಒರಟಾದ ಮೇಲೆ ಸ್ವಂತಕ್ಕೆ ಬಾಗಿಲು ತೆಗೆದವನು ನಾನು. ಅದೇ ಕಟ್ಟಡದ ಮಹಡಿಯಲ್ಲಿ ಹಲ್ಲಿನ ಡಾಕ್ಟರಿದ್ದರು. ಇಬ್ಬರೂ ಬಾಡಿಗೆಗೆ ಇದ್ದವರೇ. ಆದರೆ ಮೆಟ್ಟಿಲು ಹತ್ತಿ ಹೋಗುವವರು ದೊಡ್ಡವರು, ಕೆಳಗೆ ಕೂರುವವರು ಚಿಕ್ಕವರು ಅನ್ನುವ ಹಾಗೆ ಇತ್ತು ಆ ಮನುಷ್ಯನ ನಡೆ. ಕೇರಳದ ಲಾರಿ ಬಂದು ಲೋಡು ತುಂಬುವಾಗ ಕಿಟಕಿ ಬಾಗಿಲು ಧಡಾರನೆ ಮುಚ್ಚುತ್ತಿದ್ದರು.

‘ನಿಮ್ಮ ಈರುಳ್ಳಿ ವಾಸನೆಗೆ ನನ್ನ ಪೇಷಂಟು ಬಾಯೇ ತೆಗೆಯಲ್ಲ ಅಂತಾರೆ’ ಎಂದು ಒಮ್ಮೆ ಮೆಟ್ಟಿಲ ಮೇಲಿಂದಲೇ ಕೂಗಿದ್ದರು.

‘ನಿಮ್ ಪೇಸೆಂಟು ಮೇಲಿಂದ ರಕ್ತ ಉಗುದ್ರೆ ನನ್ ಮೂಟೆ ಮೇಲೇ ಬೀಳೋದು. ನಾನು ಬಾಯ್ ಮುಚ್ಕೊಂಡಿಲ್ವಾ?’ ಎಂದಿದ್ದೆ ನಾನು.

ಜಗಳ ಅಷ್ಟಕ್ಕೇ ನಿಂತಿದ್ದರೆ ಅವರನ್ನು ಇಷ್ಟು ಹೊತ್ತಿಗೆ ಮರೆತೇಬಿಡುತ್ತಿದ್ದೆ.

ನಮ್ಮ ಕಡೆ ಹಲ್ಲು ಕೀಳಿಸುವುದಕ್ಕೂ ದಿನ ನೋಡುತ್ತಿದ್ದರು. ಮಂಗಳವಾರ ಬೇಡ, ಶುಕ್ರವಾರ ಬೇಡ, ಅಮಾವಾಸ್ಯೆ ಹತ್ತಿರವಿದ್ದರೆ ಬೇಡವೇ ಬೇಡ. ಹಳ್ಳಿಯವರಿಗೆ ಬರೀ ಹಲ್ಲಿಗಾಗಿ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಲು ಮನಸ್ಸಿಲ್ಲ. ಆದ್ದರಿಂದ ಎಲ್ಲರೂ ಸಂತೆ ದಿನವೇ ಬರುತ್ತಿದ್ದರು. ಸೊಪ್ಪು ಮಾರಿ, ಉಪ್ಪು ಮೆಣಸಿನಕಾಯಿ ಕೊಂಡು, ಕೆನ್ನೆ ಒತ್ತಿಕೊಂಡು ನನ್ನ ಮಂಡಿಯ ಪಕ್ಕದ ಮೆಟ್ಟಿಲ ಮೇಲೆ ಸಾಲಾಗಿ ಕೂರುತ್ತಿದ್ದರು. ಒಬ್ಬರು ಹತ್ತಿಯುಂಡೆ ಕಚ್ಚಿಕೊಂಡು ಇಳಿದರೆ ಇನ್ನೊಬ್ಬರು ಹತ್ತುವುದು. ಮೇಲೆ ಒಂದು ಕರೆಂಟ್ ಒಲೆ, ಅದರ ಮೇಲೆ ಒಂದು ಪಾತ್ರೆ, ಪಾತ್ರೆಯ ನೀರಲ್ಲಿ ಇಕ್ಕಳ, ಸೂಜಿ. ಅಷ್ಟು ಜನಕ್ಕೆ ಆ ನೀರು ಕುದಿಯುವುದಕ್ಕಾದರೂ ಪುರುಸೊತ್ತು ಎಲ್ಲಿತ್ತೋ...

ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ಅಂಥದೇ ಒಂದು ಸಂತೆ ದಿನ ನನ್ನ ತಮ್ಮ ಆ ಮೆಟ್ಟಿಲು ಹತ್ತಿದ. ಮಂಡಿಯಲ್ಲಿ ನನ್ನ ಬಲಗೈ ಅವನು. ಚಂದಕವಾಡಿಯಿಂದ ಹೆಣ್ಣು ತಂದು ಮದುವೆ ಮಾಡಿದ್ದೆವು, ಮಗಳು ಇನ್ನೂ ತೊಟ್ಟಿಲಲ್ಲಿದ್ದಳು. ಹಲ್ಲು ಕೀಳಿಸಿಕೊಂಡು ಇಳಿದು ಬಂದವನು ಅರ್ಧ ಗಂಟೆ ಸುಮ್ಮನೆ ಕೂತಿದ್ದು, ಮತ್ತೆ ತಕ್ಕಡಿ ಹಿಡಿದ. ಕೆಲವು ತಿಂಗಳಾದ ಮೇಲೆ ಅನ್ನ ಸೇರದಾಯಿತು. ಕಣ್ಣು ಹಳದಿಯಾಯಿತು. ಊರ ಔಷಧಿ, ಸೊಪ್ಪಿನ ರಸ ಎಲ್ಲ ಕುಡಿಸಿದೆವು. ಮೈಸೂರಿಗೆ ಕರೆದೊಯ್ಯುವ ಹೊತ್ತಿಗೆ ಅವನಿಗೆ ಯಾರ ಗುರುತೂ ಸಿಗುತ್ತಿರಲಿಲ್ಲ. ಅಲ್ಲಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇದು ನೀರಿನಿಂದ ಬರುವ ಕಾಮಾಲೆ ಅಲ್ಲ, ರಕ್ತದಿಂದ ಬರುವುದು, ಇತ್ತೀಚೆಗೆ ಸೂಜಿ ಚುಚ್ಚಿಸಿಕೊಂಡಿದ್ದರಾ, ಹಲ್ಲು ಗಿಲ್ಲು ಕೀಳಿಸಿದ್ದರಾ ಎಂದು ಕೇಳಿದರು. ತಮ್ಮನ ಹೆಂಡತಿಗೂ ಮಗುವಿಗೂ ರಕ್ತ ತೆಗೆದು ನೋಡಿದರು. ಅವರಿಬ್ಬರಿಗೆ ಏನೂ ಇರಲಿಲ್ಲ. ತಮ್ಮ ಉಳಿಯಲಿಲ್ಲ.

ತಿಥಿ ಮುಗಿದ ಮಾರನೆ ದಿನ ಮಹಡಿ ಹತ್ತಿದೆ. ಜಗಳಕ್ಕೆ ಅಂತ ಹೋಗಿರಲಿಲ್ಲ. ಮೈಸೂರಿನ ಡಾಕ್ಟರು ಹೇಳಿದ್ದನ್ನು ಹೇಳಿ, ‘ಅವತ್ತು ಪಾತ್ರೆ ಸರ್‍ಯಾಗಿ ಕುದ್ದಿತ್ತಾ ಡಾಕ್ಟ್ರೇ? ಅಷ್ಟ್ ಹೇಳ್ಬುಡಿ, ಸಾಕು’ ಅಂದೆ.

ಅವರು ಕೈ ಒರೆಸಿಕೊಳ್ಳುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ನೀವು ಎಷ್ಟನೇ ಕ್ಲಾಸು ಓದಿದ್ದೀರಿ?’

‘ಏಳು.’

‘ಹಂಗಾದ್ರೆ ಇದು ನಿಮಗೆ ಅರ್ಥ ಆಗೋದಲ್ಲ, ಹೋಗಿ. ಲಾರಿ ಜೊತೆ ತಿರುಗೋ ಹುಡುಗ, ಯಾವ ಹೋಟ್ಲಲ್ಲಿ ಏನು ತಿಂದನೋ, ಎಲ್ಲಿ ಕ್ಷೌರ ಮಾಡಿಸಿದನೋ.’

ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದ ಮುದುಕಿಯೊಬ್ಬಳು ನನ್ನ ಮುಖವನ್ನೇ ನೋಡುತ್ತಿದ್ದಳು. ಇಳಿದು ಬಂದೆ. ಯಾಕೆ ಕೈ ಎತ್ತಲಿಲ್ಲ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ಹೊಡೆದಿದ್ದರೆ ಏಳನೇ ಕ್ಲಾಸಿನವನು ಹೊಡೆದ ಅನ್ನುತ್ತಿದ್ದರು, ಅಷ್ಟೇ.

ಅಲ್ಲಿಂದ ಮಾತು ನಿಂತಿತು. ಒಂದೇ ಕಟ್ಟಡ, ಒಂದೇ ಮೆಟ್ಟಿಲು, ವರ್ಷಗಟ್ಟಲೆ. ಅವರ ಚಪ್ಪಲಿ ಸದ್ದು ಕೇಳಿದರೆ ನಾನು ಮುಖ ತಿರುಗಿಸಿ ಕೆಮ್ಮಿ ಉಗಿಯುತ್ತಿದ್ದೆ. ತಮ್ಮನ ಹೆಂಡತಿ ಮಗುವನ್ನು ಎತ್ತಿಕೊಂಡು ಚಂದಕವಾಡಿಗೆ ವಾಪಸು ಹೋದಳು. ಸಂತೆ ದಿನ ಮೆಟ್ಟಿಲ ಮೇಲೆ ಸಾಲು ಕೂರುವುದು ಮಾತ್ರ ನಿಲ್ಲಲಿಲ್ಲ. ನಾನು ಹೇಳಿದರೆ ಯಾರು ಕೇಳುತ್ತಾರೆ? ಹೊಟ್ಟೆಕಿಚ್ಚು ಅಂದರು.

ಹೀಗೇ ಏಳೆಂಟು ವರ್ಷ ಕಳೆದಿರಬೇಕು. ಒಂದು ದಿನ ಮಹಡಿಯ ಮೇಲಿಂದ ಡಾಕ್ಟರ ಗಂಟಲು ಬೀದಿಗೆಲ್ಲ ಕೇಳಿತು. ಔಷಧಿ ಕಂಪನಿಯವನ ಹತ್ತಿರ ಕೂಗಾಡುತ್ತಿದ್ದರು.

‘ಇಷ್ಟು ವರ್ಷ ಹಲ್ಲು ಕಿತ್ತವನಿಗೆ ಈಗ ಪಾಠ ಹೇಳ್ಕೊಡ್ತಾರಂತೆ. ಕ್ಲಾಸಲ್ಲಿ ಕೂತು ಪಾಯಿಂಟ್ ಕೂಡಿಸ್ಬೇಕಂತೆ. ಇಲ್ಲಾಂದ್ರೆ ರಿಜಿಸ್ಟ್ರೇಷನ್ ರಿನ್ಯೂ ಮಾಡಲ್ವಂತೆ. ಇದೇನು ರೇಷನ್ ಕಾರ್ಡಾ?’

‘ಸೈನ್ ಹಾಕಿ, ಊಟ ಮುಗಿಸ್ಕೊಂಡು ಬಂದ್ಬಿಡಿ ಸಾರ್. ತುಂಬಾ ಜನ ಹಂಗೇ ಮಾಡ್ತಾರೆ’ ಎಂದ ಅವನು.

ನಮ್ಮ ಹಮಾಲಿಗಳಿಗೆ ಅಷ್ಟು ಸಾಕಾಗಿತ್ತು. ‘ಅಣ್ಣೋ, ಮೇಲಿನ್ ಡಾಕ್ಟ್ರು ಇಸ್ಕೂಲಿಗೆ ಸೇರವ್ರಂತೆ ಕಣಣ್ಣೋ’ ಎಂದು ಒಬ್ಬ ಮೂಟೆ ಇಳಿಸುತ್ತ ನಕ್ಕ. ‘ಓಗ್ಲಾ, ಒಂದು ಸಿಲೇಟು ಬಳಪ ತಂದ್ಕೊಟ್ಬುಟ್ಟು ಬಾ’ ಅಂದೆ, ಮೇಲಕ್ಕೆ ಕೇಳಿಸಲಿ ಅಂತಲೇ. ಅಷ್ಟು ವರ್ಷದಲ್ಲಿ ಅವತ್ತೇ ನಾನು ಹೊಟ್ಟೆ ತುಂಬ ನಕ್ಕಿದ್ದು. ಎಷ್ಟನೇ ಕ್ಲಾಸು ಎಂದು ಕೇಳಿದ ಮನುಷ್ಯ ಬೆಂಚಿನ ಮೇಲೆ ಕೂರಬೇಕಾಗಿ ಬಂತಲ್ಲ.

ಕೊನೆ ದಿನದ ತನಕ ತಳ್ಳಿಕೊಂಡು ಬಂದರೋ ಏನೋ, ಚಾಮರಾಜನಗರದಲ್ಲಿ ಅಂಥದೊಂದು ಕ್ಲಾಸು ನಡೆದ ಭಾನುವಾರ ಬೆಳಿಗ್ಗೆ ಅವರು ಬಸ್ ಸ್ಟ್ಯಾಂಡಿನ ಎದುರು ಬೆವರುತ್ತ ನಿಂತಿದ್ದರು. ಬಸ್ಸು ಕೆಟ್ಟಿತ್ತು. ತಡವಾದರೆ ಹೆಸರು ಬರೆದುಕೊಳ್ಳುವುದಿಲ್ಲ, ಪಾಯಿಂಟೂ ಇಲ್ಲ ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು. ನಾನು ಚಾಮರಾಜನಗರಕ್ಕೆ ಲೋಡು ಹೊಡೆಯುತ್ತಿದ್ದೆ. ಟೆಂಪೊ ನಿಲ್ಲಿಸಿದೆ. ದಯೆಯಿಂದ ಅಲ್ಲ. ಅವರು ನನ್ನ ಗಾಡಿ ಹತ್ತುವುದನ್ನು ಕಣ್ಣಾರೆ ನೋಡಬೇಕಿತ್ತು.

‘ಅತ್ತಿ ಡಾಕ್ಟ್ರೇ. ಲೇಟಾದ್ರೆ ಮೇಷ್ಟ್ರು ಒಳಕ್ಕೆ ಸೇರ್ಸಲ್ಲ.’

ಆಚೀಚೆ ನೋಡಿದರು. ಬೇರೆ ದಾರಿ ಇರಲಿಲ್ಲ. ಸೀಟಿನ ಮೇಲೆ ಕರ್ಚೀಫು ಹಾಸಿ ಕೂತರು. ತೆರಕಣಾಂಬಿ ದಾಟಿತು. ಆಮೇಲೆ ಕಿಟಕಿಯಾಚೆ ನೋಡುತ್ತಲೇ, ‘ಸಾಯಂಕಾಲ ನಾಲ್ಕಕ್ಕೆ ಮುಗಿಯುತ್ತೆ. ವಾಪಸ್ಸು ಬಸ್ಸು ಇಲ್ಲಾಂದ್ರೆ...’ ಎಂದರು.

‘ಬತ್ತೀನಿ ಬುಡಿ. ಮಕ್ಕಳ್ನ ಇಸ್ಕೂಲಿಂದ ಕರ್ಕೊಂಡೋಗೋದು ದೊಡ್ಡೋರ್ ಕೆಲ್ಸ ಅಲ್ವಾ’ ಅಂದೆ.

ಲೋಡು ಇಳಿಸಿ, ಊಟ ಮಾಡಿ, ನಾಲ್ಕಕ್ಕೂ ಮುಂಚೆಯೇ ಹೋದೆ. ಕಲ್ಯಾಣ ಮಂಟಪದ ಮೇಲಿನ ಹಾಲ್. ಅರ್ಧ ಕುರ್ಚಿ ಖಾಲಿ. ಬಂದವರು ಸೈನ್ ಹಾಕಿ, ಊಟ ಮಾಡಿ ಎದ್ದು ಹೋಗಿದ್ದರು. ನಮ್ಮ ಡಾಕ್ಟರು ಮಾತ್ರ ಹಿಂದಿನ ಸಾಲಿನಲ್ಲಿ ಕೂತಿದ್ದರು. ನನ್ನ ಟೆಂಪೊಗೆ ಕಾಯುತ್ತಿದ್ದರೋ, ಪಾಠಕ್ಕೆ ಕೂತಿದ್ದರೋ ನನಗೆ ಗೊತ್ತಿಲ್ಲ. ಮೈಕಿನ ಮುಂದೆ ಅವರ ಮಗಳ ವಯಸ್ಸಿನ ಒಬ್ಬ ಹೆಣ್ಣುಮಗಳು ನಿಂತು ಪರದೆಯ ಮೇಲೆ ಚಿತ್ರ ತೋರಿಸಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ನನಗೊಂದೂ ತಿಳಿಯಲಿಲ್ಲ. ಬಾಗಿಲಲ್ಲೇ ನಿಂತೆ. ಅಷ್ಟರಲ್ಲಿ ಆಕೆ ಕನ್ನಡಕ್ಕೆ ತಿರುಗಿದರು.

‘ಈಗ ನಮ್ಮ ಊರಿನ ಮಾತಿಗೆ ಬರೋಣ. ಸಂತೆ ದಿನ ಜನ ಸಾಲು ಕೂತಿರ್ತಾರೆ. ನಿಮ್ಮ ಹತ್ರ ಇರೋ ಇಕ್ಕಳದ ಸೆಟ್ಟು ಎರಡೋ ಮೂರೋ. ಬಿಸಿನೀರಲ್ಲಿ ಅದ್ದಿ ತೆಗೆದು ಮುಂದಿನವರ ಬಾಯಿಗೆ ಹಾಕಿದ್ರೆ, ರಕ್ತದ ಕಾಮಾಲೆ ಒಬ್ಬರಿಂದ ಇನ್ನೊಬ್ಬರಿಗೆ ದಾಟಬಹುದು. ಕುದಿಸಿದೀನಿ ಅಂತ ನೆಚ್ಚಿಕೊಂಡು ಕೂರೋ ಹಾಗಿಲ್ಲ. ನಾನು ಯಾರಿಗೂ ರಿಪೋರ್ಟ್ ಮಾಡಲ್ಲ. ಇನ್ನೂ ಪಾತ್ರೇಲೇ ಕುದಿಸ್ತಿರೋರು ಕೈ ಎತ್ತಿ ನೋಡೋಣ.’

ಯಾರೂ ಎತ್ತಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಹಿಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು. ನಮ್ಮ ಡಾಕ್ಟರದು. ಭುಜದ ಎತ್ತರಕ್ಕೆ ಅಷ್ಟೇ, ಆದರೆ ಎದ್ದಿತು. ಆಕೆ, ‘ಥ್ಯಾಂಕ್ಯೂ ಸರ್’ ಅಂದರು. ಎಲ್ಲರೂ ತಿರುಗಿ ನೋಡಿದರು. ಅವರ ಕಣ್ಣು ತಪ್ಪಿಸಲು ಡಾಕ್ಟರು ಬಾಗಿಲ ಕಡೆ ಮುಖ ತಿರುಗಿಸಿದರು. ನಾನು ನಿಂತಿದ್ದೆ. ಕೈ ಕೆಳಗಿಳಿಯಿತು.

ವಾಪಸ್ಸು ಬರುವಾಗ ಕರ್ಚೀಫು ಹಾಸಲಿಲ್ಲ. ಮಡಿಲಲ್ಲಿ ಸರ್ಟಿಫಿಕೇಟಿನ ಕವರ್ ಇಟ್ಟುಕೊಂಡು ಕೂತಿದ್ದರು. ಸಂಜೆಯ ಬೆಳಕಲ್ಲಿ ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟ ಕಾಣುತ್ತಿತ್ತು. ನಾನು ಗಾಡಿ ನಿಧಾನ ಮಾಡಿದೆ.

‘ಏನ್ ಪಾಠ ಏಳ್ಕೊಟ್ರು ಡಾಕ್ಟ್ರೇ?’

‘ಏನಿಲ್ಲ. ಗೊತ್ತಿರೋದೇ.’

‘ಗೊತ್ತಿತ್ತಾ? ಅಂಗಾರೆ ನನ್ ತಮ್ಮ ಬಂದಾಗ್ಲೂ ಗೊತ್ತಿತ್ತಾ?’

ಗಾಡಿ ನಿಲ್ಲಿಸಿಯೇಬಿಟ್ಟೆ. ಹಿಂದೆ ಬರುತ್ತಿದ್ದ ಲಾರಿಯವನು ಹಾರ್ನ್ ಹೊಡೆದು, ತಮಿಳಿನಲ್ಲಿ ಬೈದು ಮುಂದೆ ಹೋದ.

‘ನಿಮ್ ಮ್ಯಾಲೆ ಕೇಸ್ ಆಕಲ್ಲ. ಊರ್ ಮುಂದೆ ಬಾಯ್ ಬುಡಲ್ಲ. ಇಲ್ಲಿ ಇರೋದು ನಾವಿಬ್ರೇ. ನನ್ ಪಾತ್ರೆಯಿಂದ್ಲೇ ಬಂದಿರ್ಬೌದು ಅಂತ ಒಂದ್ ಮಾತು ಅನ್ಬುಡಿ.’

ಅವರು ಕಿಟಕಿ ಗಾಜು ಏರಿಸಿಕೊಂಡರು. ‘ಕತ್ತಲಾಗ್ತಿದೆ, ಗಾಡಿ ತೆಗೀರಿ’ ಅಂದರು.

ಯಾರೋ ಗೊತ್ತಿಲ್ಲದವರ ಮುಂದೆ ಎತ್ತಿದ ಕೈ ನನ್ನ ಮುಂದೆ ಯಾಕೆ ಏಳಲಿಲ್ಲ? ಇವತ್ತಿಗೂ ನನಗೆ ಅದೊಂದು ಉರಿ.

ಕೆಲವು ವಾರದಲ್ಲಿ ಮೈಸೂರಿನಿಂದ ಒಂದು ಯಂತ್ರ ಬಂತು. ಕುಕ್ಕರಿನ ಹಾಗೆ ಹಬೆ ಬಿಗಿದು ಇಕ್ಕಳ, ಕತ್ತರಿ ಶುದ್ಧ ಮಾಡುವಂಥದು. ಅದನ್ನು ಮಹಡಿಗೆ ಹೊತ್ತವರು ನನ್ನ ಹಮಾಲಿಗಳೇ. ಬೇಡ ಅನ್ನಲು ಬಾಯಿ ತೆರೆದವನು ಮೂಟೆ ಸರಿಸಿ ದಾರಿ ಬಿಟ್ಟೆ. ಪಾತ್ರೆಯೂ ಒಲೆಯೂ ಹಳೇ ಸಾಮಾನಿನವನ ಗಾಡಿಗೆ ಹೋದವು. ಸಂತೆ ದಿನ ಇಷ್ಟೇ ಜನ ಎಂದು ಚೀಟಿ ಕೊಟ್ಟು, ಉಳಿದವರಿಗೆ ನಾಳೆ ಬನ್ನಿ ಅನ್ನತೊಡಗಿದರು. ‘ನಾಳೆ ಮಂಗಳವಾರ ಕಣ್ ಸ್ವಾಮಿ, ರಕ್ತ ಸುರುಸ್ಬಾರ್ದು’ ಎಂದು ಹೆಂಗಸರು ಮೆಟ್ಟಿಲ ಮೇಲೆ ಗೊಣಗುವುದು ಕೆಳಗೆ ಕೇಳುತ್ತಿತ್ತು. ಎಷ್ಟೋ ಗಿರಾಕಿಗಳು ಬೇರೆ ಕಡೆ ಹೋದರು. ಡಾಕ್ಟರು ಬಗ್ಗಲಿಲ್ಲ.

ಊರಿಗೆ ಒಳ್ಳೆಯದಾಯಿತು, ಇಲ್ಲ ಅನ್ನಲಾರೆ. ಆದರೆ ಆ ಒಳ್ಳೆಯದನ್ನು ನೋಡಿ ನನ್ನ ಸಿಟ್ಟು ಇಮ್ಮಡಿಯಾಯಿತು. ಇಷ್ಟು ಸುಲಭಕ್ಕೆ ಆಗುವಂಥದು ಮೊದಲೇ ಆಗಿದ್ದರೆ?

ಆಮೇಲೆ ಎಲ್ಲಿ ಕ್ಲಾಸಿದ್ದರೂ ತಪ್ಪಿಸುತ್ತಿರಲಿಲ್ಲ ಅವರು. ರಿನ್ಯೂ ಮಾಡಿಸಲು ಬೇಕಾದ್ದಕ್ಕಿಂತ ಹೆಚ್ಚೇ ಹೋಗಿ ಬರುತ್ತಾರೆ ಎಂದು ಕಾಂಪೌಂಡರ್ ಹೇಳುತ್ತಿದ್ದ. ಪ್ರತಿ ಸಲವೂ ಒಂದು ಸರ್ಟಿಫಿಕೇಟು, ಅದಕ್ಕೊಂದು ಫ್ರೇಮು, ಗೋಡೆಗೊಂದು ಮೊಳೆ. ಬಂದವರೆಲ್ಲ ನೋಡಿ ದೊಡ್ಡ ಓದು ಅನ್ನುತ್ತಿದ್ದರು. ನನಗೆ ಮಾತ್ರ ಅವೆಲ್ಲ ಒಂದೇ ಮಾತು ಹೇಳುತ್ತಿದ್ದವು: ಇದು ನಿನ್ನೆಯವರೆಗೆ ಈ ಮನುಷ್ಯನಿಗೆ ಗೊತ್ತಿರಲಿಲ್ಲ. ಮೊಳೆ ಹೊಡೆಯುವ ಸದ್ದು ಮಂಡಿಯ ಸೂರಿನಲ್ಲಿ ಕೇಳಿದಾಗೆಲ್ಲ ತೂಕ ತಪ್ಪುತ್ತಿತ್ತು ನನಗೆ.

ಒಂದು ಸಲ ಮೆಟ್ಟಿಲ ಬುಡದಲ್ಲಿ ನಿಂತು ಏನೋ ಹೇಳಲು ಬಂದಂತೆ ಕಂಡರು. ಕೂದಲು ಪೂರಾ ಬೆಳ್ಳಗಾಗಿತ್ತು. ‘ನಿಮ್ಮ ತಮ್ಮನ ಮಗಳು ಈಗ ಎಷ್ಟನೇ ಕ್ಲಾಸು?’ ಎಂದು ಕೇಳಿದರು. ಎಷ್ಟನೇ ಕ್ಲಾಸು! ಬೇರೆ ಯಾವ ಮಾತಿನಿಂದ ಶುರು ಮಾಡಿದ್ದರೂ ನಿಂತು ಕೇಳುತ್ತಿದ್ದೆನೋ ಏನೋ... ನಾನು ತಕ್ಕಡಿ ಕಡೆ ತಿರುಗಿಕೊಂಡೆ. ಅವರು ಮೆಟ್ಟಿಲು ಹತ್ತಿ ಹೋದರು.

ಅವರು ಹೋಗಿಬಿಟ್ಟ ಸುದ್ದಿ ಬಂದದ್ದು ಮೈಸೂರಿನಲ್ಲಿದ್ದ ಅವರ ಮಗಳ ಮನೆಯಿಂದ. ನಮ್ಮ ಸಾಲಿನಲ್ಲಿ ಅಂಗಡಿಯವರು ಯಾರು ತೀರಿಕೊಂಡರೂ ಮಧ್ಯಾಹ್ನದವರೆಗೆ ಎಲ್ಲರೂ ಷಟರ್ ಎಳೆಯುವುದು ರೂಢಿ. ಎಲ್ಲರೂ ಎಳೆದರು. ನಾನು ಎಳೆಯಲಿಲ್ಲ. ‘ಎಳಿಲಾ, ಸತ್ತೋರ್ ಮ್ಯಾಲೆ ಎಂಥ ಅಗೆ?’ ಎಂದು ಪಕ್ಕದ ಗೊಬ್ಬರದಂಗಡಿಯವನು ಬೈದ. ಎಳೆಯಲಿಲ್ಲ. ಒಬ್ಬ ಗಿರಾಕಿಯೂ ಬರಲಿಲ್ಲ. ಖಾಲಿ ಬೀದಿಗೆ ಮುಖ ಮಾಡಿ ಒಬ್ಬನೇ ಕೂತಿದ್ದೆ.

ಈ ಹಲ್ಲಿನ ನೋವು ಬರುವುದಕ್ಕೆ ಸ್ವಲ್ಪ ದಿನ ಮುಂಚೆ ತಮ್ಮನ ಮಗಳು ಚಂದಕವಾಡಿಯಿಂದ ಬಂದಿದ್ದಳು. ಬಸುರಿ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವಾಗ, ಮನೆಯಲ್ಲಿ ಯಾರಿಗಾದರೂ ಕಾಮಾಲೆ ಇತ್ತಾ ಎಂದು ಕೇಳಿದರಂತೆ. ಊಟಕ್ಕೆ ಕೂತಾಗ, ‘ದೊಡ್ಡಪ್ಪ, ನಮ್ಮಪ್ಪಂಗೆ ಅದು ಎಲ್ಲಿಂದ ಬಂತು?’ ಅಂದಳು.

ಮೇಲಿನ ಪಾತ್ರೆಯಿಂದ ಎಂದು ಊರಿಗೆಲ್ಲ ಸಾರಿ ಹೇಳಿದ್ದ ಮಾತನ್ನು ಅವಳಿಗೆ ಹೇಳಲಾಗಲಿಲ್ಲ. ಅಪ್ಪನ ಮುಖವೇ ನೆನಪಿಲ್ಲದ ಮಗು ಅದು. ಅದಕ್ಕೆ ನಿಜ ಬೇಕು, ನನ್ನ ಸಿಟ್ಟು ಬೇಡ. ಅವತ್ತು ನನ್ನ ತಮ್ಮನಿಗಿಂತ ಮುಂಚೆ ಆ ಕುರ್ಚಿಯಲ್ಲಿ ಯಾರು ಕೂತಿದ್ದರು, ನೀರು ಕುದ್ದಿತ್ತೋ ಇಲ್ಲವೋ, ಕಂಡವರು ಒಬ್ಬರೇ ಇದ್ದರು. ಅವರನ್ನು ಕೇಳುವುದಕ್ಕೂ, ಬೈಯುವುದಕ್ಕೂ ಇನ್ನು ಆಗುವುದಿಲ್ಲ.

‘ಗೊತ್ತಿಲ್ಲ ಕಣವ್ವ’ ಅಂದೆ. ಅವಳು ಅನ್ನ ಕಲಸುತ್ತ, ‘ಯಾರನ್ನೂ ಕೇಳ್ಲಿಲ್ವಾ ದೊಡ್ಡಪ್ಪ?’ ಅಂದಳು.

‘ಕೇಳ್ದೆ ಕಣವ್ವ’ ಅಂದೆ.